ಭತ್ತದಲ್ಲಿ ಕೊಂಬಿನ ಹುಳ ಕಂಡ್ರೆ ಮೊದಲು ಫೋಟೋ, ಆಮೇಲೆ ಔಷಧಿ

"ಅಣ್ಣಾ, ಗದ್ದೇಲಿ ಕೊಂಬಿರೋ ಹುಳ ಬಿದ್ದಿದೆ. ಯಾವ ಔಷಧಿ ಹೊಡೀಲಿ?" ಪಕ್ಕದೂರಿನ ಹುಡುಗ ವಾಟ್ಸಾಪಿನಲ್ಲಿ ಫೋಟೋ ಕಳಿಸಿದ್ದ. ಎಲೆಯದ್ದೇ ಹಸಿರು ಬಣ್ಣ, ತಲೆ ಮೇಲೆ ಎರಡು ಕೊಂಬು, ಬಾಲದ ತುದಿಯೂ ಎರಡು ಸೀಳು. ನೋಡಿದ ಕೂಡಲೇ "ಹೊಡೀಬೇಡ, ಸಂಜೆ ಬರ್ತೀನಿ" ಅಂದೆ.

ಇದು ಚಿಟ್ಟೆಯ ಮರಿ. ಇಂಗ್ಲಿಷಿನಲ್ಲಿ ಕಾಮನ್ ಈವ್ನಿಂಗ್ ಬ್ರೌನ್, ವೈಜ್ಞಾನಿಕ ಹೆಸರು ಮೆಲನೈಟಿಸ್ ಲೀಡಾ. ಹೆಸರೇ ಹೇಳುವ ಹಾಗೆ ಕಂದು ಚಿಟ್ಟೆ, ಹಾರೋದು ಮುಸ್ಸಂಜೆಗೆ. ಹಗಲೆಲ್ಲ ತರಗೆಲೆಗಳ ನಡುವೆ ರೆಕ್ಕೆ ಮಡಚಿ ಕೂತಿರುತ್ತೆ, ಕಾಲಿನ ಹತ್ತಿರದಿಂದ ಎದ್ದು ಹಾರಿದಾಗಲೇ ಗೊತ್ತಾಗೋದು. ಹೂವಿಗಿಂತ ಕೊಳೆತ ಹಣ್ಣು, ಮರದ ರಸ ಇದಕ್ಕೆ ಇಷ್ಟ. ಕೂತಾಗ ಕಾಲು ಎಣಿಸಿ ನೋಡಿ, ನಾಲ್ಕೇ ಕಾಣುತ್ತವೆ. ಮುಂದಿನ ಜೋಡಿ ಚಿಕ್ಕದಾಗಿ ಬ್ರಷ್ಷಿನಂತೆ ಎದೆಗೆ ಅಂಟಿಕೊಂಡಿರುತ್ತೆ.

ಗುರುತು ತಪ್ಪೋದು ಇನ್ನೊಂದು ಕಾರಣಕ್ಕೆ. ಮಳೆಗಾಲದಲ್ಲಿ ರೆಕ್ಕೆಯ ಕೆಳಭಾಗದ ತುಂಬ ಕಣ್ಣಿನಂಥ ಚುಕ್ಕೆಗಳಿರುತ್ತವೆ. ಬೇಸಿಗೆಯಲ್ಲಿ ಅವು ಬಹುತೇಕ ಮಾಯ, ಥೇಟ್ ಒಣಗಿದ ಎಲೆ! ಎರಡು ಬೇರೆ ಚಿಟ್ಟೆ ಅಂದ್ಕೋಬೇಡಿ.

ಈಗ ಗದ್ದೆ ವಿಚಾರ. ಈ ಹುಳ ಎಲೆಯ ಅಂಚಿನಿಂದ ತಿನ್ನುತ್ತೆ, ಹೆಚ್ಚಾಗಿ ರಾತ್ರಿ ಹೊತ್ತು. ಎಲೆ ಉದ್ದಕ್ಕೆ ಮಡಚಿ ಒಳಗಿನ ಹಸಿರು ಕೆರೆದು ಬಿಳಿ ಪಟ್ಟೆ ಬಿದ್ದಿದ್ದರೆ ಅದು ಎಲೆ ಸುರುಳಿ ಹುಳು, ಅದರ ಲೆಕ್ಕ ಬೇರೆ. ಕೊಂಬಿನ ಹುಳ ಭತ್ತಕ್ಕೆ ಸಣ್ಣ ಕೀಟ. ಅಲ್ಲೊಂದು ಇಲ್ಲೊಂದು ಇದ್ದರೆ ಇಳುವರಿಗೇನೂ ಆಗಲ್ಲ, ತೆಂಡೆ ಒಡೆಯುವ ಹಂತದಲ್ಲಿ ಪೈರು ಒಂದಿಷ್ಟು ಎಲೆ ಹೋದರೂ ಮತ್ತೆ ಚಿಗುರುತ್ತೆ. ಇದರ ಮೊಟ್ಟೆಯೊಳಗೆ ತಮ್ಮ ಮೊಟ್ಟೆ ಇಡುವ ಸಣ್ಣ ಕಣಜಗಳು ಗದ್ದೆಯಲ್ಲೇ ಇವೆ.

ಆ ಹುಡುಗನಿಗೆ ಅಂಗಡಿಯಲ್ಲಿ ಕೊಟ್ಟಿದ್ದು ಸಿಂಥೆಟಿಕ್ ಪೈರೆಥ್ರಾಯ್ಡ್ ಗುಂಪಿನ ಔಷಧಿ. ಅದನ್ನ ಹೊಡೆದರೆ ಹುಳದ ಜೊತೆ ಜೇಡ, ಕಣಜ ಎಲ್ಲಾ ಸಾಯ್ತವೆ. ಆಮೇಲೆ ಬುಡದಲ್ಲಿ ಕಂದು ಜಿಗಿಹುಳು ಏರುತ್ತೆ, ತಡೆಯೋರೇ ಇರಲ್ಲ. ನಾನೂ ಒಂದು ವರ್ಷ ಹೀಗೇ ಹೊಡೆದು ಗದ್ದೆ ನಡುವೆ ಸುಟ್ಟ ಹಾಗೆ ದುಂಡಗೆ ಒಣಗಿದ್ದು ನೋಡಿದೀನಿ. ಆ ಸಲ ಹುಲ್ಲೂ ದಕ್ಕಲಿಲ್ಲ.

ಫೋಟೋ ತೆಗೆಯೋವಾಗ ತಲೆ, ಬಾಲ ಎರಡೂ ಹತ್ತಿರದಿಂದ ಬರಲಿ. ತಿಂದ ಎಲೆಯದ್ದೊಂದು, ಬುಡ ಬಿಡಿಸಿ ಒಂದು. ನಾಲ್ಕಾರು ಕಡೆ ನಡೆದು ಹುಳ ಎಣಿಸಿ. ಜಾಸ್ತಿ ಅನ್ನಿಸಿದರೆ ಆ ಫೋಟೋ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ.

ಸಂಜೆ ಇಬ್ಬರೂ ಗದ್ದೆ ಸುತ್ತಿದೆವು. ಸಿಕ್ಕಿದ್ದು ಐದೇ ಹುಳ, ಕೈಯಲ್ಲೇ ತೆಗೆದ. ಔಷಧಿ ಡಬ್ಬಿ ಸೀಲ್ ಒಡೆದಿರಲಿಲ್ಲ, ಮಾರನೇ ದಿನ ವಾಪಸ್ ಕೊಟ್ಟು ಬಂದ.