ಥಾಣೆಯ ಶಿಲಾಹಾರರು: ಒಂದು ಅರಸುಮನೆತನದ ವಂಶಾವಳಿ

ಥಾಣೆ, ಕಲ್ಯಾಣ್, ಡೊಂಬಿವಲಿ ಪರಿಸರದಲ್ಲಿ ನೆಲೆಸಿರುವ ಕನ್ನಡಿಗರು ತಾವು ಹೊಟ್ಟೆಪಾಡಿಗಾಗಿ ಪರನಾಡಿಗೆ ಬಂದವರೆಂದು ಭಾವಿಸುವುದು ಸಹಜ. ಆದರೆ ನಾವು ದಿನನಿತ್ಯ ಲೋಕಲ್ ರೈಲಿನಲ್ಲಿ ಹಾದುಹೋಗುವ ಈ ನೆಲವನ್ನು ಸುಮಾರು ನಾಲ್ಕೂವರೆ ಶತಮಾನಗಳ ಕಾಲ ಆಳಿದ ಮನೆತನವೊಂದು ತನ್ನ ಬಿರುದುಗಳನ್ನು ಕನ್ನಡದಲ್ಲಿ ಕೊರೆಯಿಸಿತ್ತು ಎಂಬ ಸಂಗತಿ ನಮ್ಮಲ್ಲಿ ಅನೇಕರಿಗೆ ತಿಳಿದಿಲ್ಲ. ಅದುವೇ ಉತ್ತರ ಕೊಂಕಣದ ಶಿಲಾಹಾರ ವಂಶ. ಶಾಸನಗಳಲ್ಲಿ 'ಶ್ರೀಸ್ಥಾನಕ' ಎಂದು ಕರೆಯಲ್ಪಟ್ಟ ಇಂದಿನ ಥಾಣೆ ಆ ಮನೆತನದ ಪ್ರಮುಖ ನಗರವಾಗಿತ್ತು.

ಶಿಲಾಹಾರರಲ್ಲಿ ಮೂರು ಶಾಖೆಗಳಿದ್ದವು. ದಕ್ಷಿಣ ಕೊಂಕಣದ ಶಾಖೆಯ ಮೂಲಪುರುಷ ಸಣಫುಲ್ಲ. ಕೊಲ್ಲಾಪುರ ಶಾಖೆಯು ಪನ್ಹಾಳ ಕೋಟೆಯನ್ನು ಯಾದವ ಸಿಂಘಣನು ವಶಪಡಿಸಿಕೊಳ್ಳುವ ತನಕ, ಅಂದರೆ ಹದಿಮೂರನೆಯ ಶತಮಾನದ ಆರಂಭದವರೆಗೆ ಬಾಳಿತು. ಮೂರನೆಯದೇ ನಮ್ಮ ಥಾಣೆಯ ಶಾಖೆ. ಮೂವರೂ ತಮ್ಮನ್ನು ವಿದ್ಯಾಧರ ರಾಜಕುಮಾರ ಜೀಮೂತವಾಹನನ ವಂಶಜರೆಂದು ಹೇಳಿಕೊಂಡರು. ನಾಗನೊಬ್ಬನ ಪ್ರಾಣ ಉಳಿಸಲು ಜೀಮೂತವಾಹನನು ಶಿಲೆಯ ಮೇಲೆ ತಾನೇ ಗರುಡನಿಗೆ ಆಹಾರವಾಗಿ ಕುಳಿತನೆಂಬ ಕಥೆಯಿಂದ 'ಶಿಲಾಹಾರ' ಎಂಬ ಹೆಸರನ್ನು ವಿವರಿಸಲಾಗುತ್ತದೆ. ಅವರ ಧ್ವಜದ ಲಾಂಛನವೂ ಸುವರ್ಣಗರುಡ. ಇದು ಹೆಸರು ಮೊದಲಾಗಿ ಕಥೆ ಬಳಿಕ ಹುಟ್ಟಿದ ಪ್ರಕರಣವೆಂದೇ ತೋರುತ್ತದೆ. ಏಕೆಂದರೆ ಶಾಸನಗಳಲ್ಲಿ ಸಿಲಾರ, ಸಿಲಾಹಾರ, ಶೈಲಾಹಾರ ಎಂದು ಈ ಹೆಸರು ಹಲವು ರೂಪಗಳಲ್ಲಿ ಬರುತ್ತದೆ.

ದೈವೀ ಮೂಲವನ್ನು ಹೇಳಿಕೊಳ್ಳದ ಅರಸುಮನೆತನ ವಿರಳ. 1644ರಲ್ಲಿ ಬೀಜಿಂಗನ್ನು ಪ್ರವೇಶಿಸಿ 1912ರವರೆಗೆ ಚೀನವನ್ನಾಳಿದ ಮಂಚು ಜನಾಂಗದ ಐಸಿನ್ ಗಿಯೊರೊ ಮನೆತನವು, ಪಕ್ಷಿಯೊಂದು ತಂದ ಕೆಂಪು ಹಣ್ಣನ್ನು ತಿಂದು ಗರ್ಭವತಿಯಾದ ದೇವಕನ್ಯೆಯ ಮಗನೇ ತಮ್ಮ ಮೂಲಪುರುಷನೆಂದು ನಂಬಿತ್ತು. ಆ ಮನೆತನ ತನ್ನ ವಂಶಾವಳಿಯನ್ನು ಅತ್ಯಂತ ಎಚ್ಚರದಿಂದ ಬರೆದಿಟ್ಟಿತು. ಆದರೆ ಅದರ ಮಾತೃಭಾಷೆಯಾದ ಮಂಚು ಮಾತ್ರ ಪ್ರಜೆಗಳ ಚೀನೀ ಭಾಷೆಯ ಎದುರು ಕ್ರಮೇಣ ಹಿಂದೆ ಸರಿಯಿತು. ಥಾಣೆಯ ಅರಸರ ವಿಷಯದಲ್ಲಿಯೂ ಇಂಥದೊಂದು ಪ್ರಶ್ನೆ ಇದೆ.

ಈ ಶಾಖೆಯ ಮೊದಲ ಅರಸ ಒಂದನೆಯ ಕಪರ್ದಿ. ಒಂಬತ್ತನೆಯ ಶತಮಾನದ ಆರಂಭದಲ್ಲಿ ರಾಷ್ಟ್ರಕೂಟರ ಸಾಮಂತನಾಗಿ ಆತ ಕೊಂಕಣದ ಆಡಳಿತವನ್ನು ಪಡೆದನು. ಅವನ ಮಗ ಪುಲ್ಲಶಕ್ತಿ. ಬೊರಿವಲಿಯ ಸಮೀಪದ ಕನ್ಹೇರಿ ಗುಹೆಗಳಲ್ಲಿ ಕ್ರಿ.ಶ. 843ರ ಶಾಸನವೊಂದು ಪುಲ್ಲಶಕ್ತಿಯನ್ನು ರಾಷ್ಟ್ರಕೂಟ ಅಮೋಘವರ್ಷನ ಕೃಪೆಯಿಂದ ಆಳುತ್ತಿದ್ದವನೆಂದು ಹೆಸರಿಸುತ್ತದೆ. 'ಕವಿರಾಜಮಾರ್ಗ'ದೊಂದಿಗೆ ನಾವು ನೆನೆಯುವ ನೃಪತುಂಗನೇ ಈ ಅಮೋಘವರ್ಷ. ಪುಲ್ಲಶಕ್ತಿಯ ಮಗ ಎರಡನೆಯ ಕಪರ್ದಿ. ಅವನ ಕಾಲದ ಶಾಸನಗಳೂ ಕನ್ಹೇರಿಯಲ್ಲಿವೆ. ಅರಸರು ಶಿವಭಕ್ತರಾಗಿದ್ದರೂ ಆ ಶಾಸನಗಳು ದಾಖಲಿಸುವುದು ಬೌದ್ಧ ಸಂಘಕ್ಕೆ ಸಂದ ದಾನಗಳನ್ನು. ದೂರದ ಗೌಡದೇಶದಿಂದ ಬಂದ ಅವಿಘ್ನಾಕರನೆಂಬ ಭಕ್ತನೂ ಅಲ್ಲಿನ ದಾನಿಗಳಲ್ಲಿ ಒಬ್ಬ.

ಬಳಿಕ ವಪ್ಪುವನ್ನ, ಅವನ ಮಕ್ಕಳಾದ ಝಂಝ ಮತ್ತು ಗೊಗ್ಗಿ. ಕ್ರಿ.ಶ. 916ರಲ್ಲಿ ಸೈಮೂರ್‌ಗೆ, ಅಂದರೆ ಚೌಲ್ ಬಂದರಿಗೆ ಬಂದಿದ್ದ ಅರಬ ಪ್ರವಾಸಿ ಅಲ್ ಮಸೂದಿ ಅಲ್ಲಿನ ಅರಸನ ಹೆಸರನ್ನು ಝಂಝ ಎಂದೇ ಬರೆದಿಟ್ಟಿದ್ದಾನೆ. ತಾಮ್ರಪಟದ ಹೆಸರೊಂದು ವಿದೇಶೀಯನ ಗ್ರಂಥದಲ್ಲಿಯೂ ಸಿಗುವುದು ಇತಿಹಾಸಕಾರನಿಗೆ ಹಬ್ಬದೂಟವಿದ್ದಂತೆ. ಗೊಗ್ಗಿಯ ಮಗ ಒಂದನೆಯ ವಜ್ಜಡ, ಅವನ ಮಗ ಅಪರಾಜಿತ, ಅಪರಾಜಿತನ ಮಗ ಎರಡನೆಯ ವಜ್ಜಡ. ಕಪರ್ದಿಯ ಮೊಮ್ಮಗ ಕಪರ್ದಿ, ವಜ್ಜಡನ ಮೊಮ್ಮಗ ವಜ್ಜಡ: ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಮ್ಮ ಮನೆಗಳ ಪದ್ಧತಿ ಇಲ್ಲಿಯೂ ಇದೆ.

ಈ ಪೈಕಿ ಅಪರಾಜಿತನ ಬಗ್ಗೆ ಸ್ವಲ್ಪ ನಿಲ್ಲಬೇಕು. ಭಿವಂಡಿಯ ಬಳಿಯ ಭಾದಾಣೆ ಗ್ರಾಮವನ್ನು ಲೋಣಾದಿತ್ಯ ದೇವಾಲಯಕ್ಕೆ ದತ್ತಿಕೊಟ್ಟ ಅವನ ತಾಮ್ರಪಟದ ಕಾಲ ಕ್ರಿ.ಶ. 997. ಅಷ್ಟರಲ್ಲಿ ರಾಷ್ಟ್ರಕೂಟ ಸಾಮ್ರಾಜ್ಯ ಅಳಿದು ಇಪ್ಪತ್ತನಾಲ್ಕು ವರ್ಷಗಳೇ ಸಂದಿದ್ದವು. 973ರಲ್ಲಿ ಚಾಲುಕ್ಯ ತೈಲಪನು ಕಕ್ಕಲನನ್ನು ಸೋಲಿಸಿದ್ದ. ಹೊಸ ದೊರೆಯನ್ನು ಹೊಗಳುವುದೇ ಸಾಮಂತನಿಗೆ ಲಾಭದ ದಾರಿ. ಆದರೆ ಅಪರಾಜಿತ ತನ್ನ ವಂಶಾವಳಿಯ ಜೊತೆಗೆ ಅಳಿದುಹೋದ ರಾಷ್ಟ್ರಕೂಟರ ವಂಶಾವಳಿಯನ್ನೂ ಕೊರೆಯಿಸಿ, ಅವರ ಪತನಕ್ಕೆ ಮರುಗಿದ್ದಾನೆ. ಇಡೀ ವಂಶದ ಶಾಸನಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದೇ.

ಇನ್ನು ಬಿರುದುಗಳ ವಿಷಯ. ಸಂಸ್ಕೃತದಲ್ಲಿ ಬರೆದ ಈ ತಾಮ್ರಪಟಗಳ ನಡುವೆ 'ತಗರಪುರ ಪರಮೇಶ್ವರ', 'ಶರಣಾಗತ ವಜ್ರಪಂಜರ'ಗಳ ಸಾಲಿನಲ್ಲಿಯೇ 'ಮಲಗಲಗಂಡ', 'ನನ್ನಿಸಮುದ್ರ', 'ವಿಲ್ಲವಿಡೆಂಗ' ಎಂಬ ಪದಗಳು ಬರುತ್ತವೆ. ಮಲೆಗಳ ಗಂಡ ಎಂಬುದು ಹೊಯ್ಸಳರ 'ಮಲೆಪರೊಳ್ ಗಂಡ'ವನ್ನು ನೆನಪಿಸುತ್ತದೆ. 'ನನ್ನಿ' ಎಂದರೆ ಸತ್ಯ. ಹಳಗನ್ನಡ ಓದಿದವರಿಗೆ ಇದರ ಅರ್ಥ ಹೇಳಬೇಕಾಗಿಲ್ಲ. 'ವಿಲ್ಲವಿಡೆಂಗ'ದಲ್ಲಿ ಬಿಲ್ಲು, ಬೆಡಂಗುಗಳ ಛಾಯೆ ಇರುವಂತಿದೆ. ಕ್ರಿ.ಶ. 1026ರ ಭಾಂಡುಪ್ ತಾಮ್ರಪಟದಲ್ಲಿ ಛಿತ್ತರಾಜನ ಮಂತ್ರಿಮಂಡಲದ ಪಟ್ಟಿಯಿದೆ: ಮಹಾಮಾತ್ಯ ನಾಗಣೈಯ, ಸಾಂಧಿವಿಗ್ರಹಿಕ ಸೀಹಪೈಯ ಮತ್ತು ಪ್ರತ್ಯೇಕವಾಗಿ ಕರ್ಣಾಟಕದ ಸಾಂಧಿವಿಗ್ರಹಿಕ ಕಪರ್ದಿ. ಸಾವಿರ ವರ್ಷಗಳ ಹಿಂದೆ ಥಾಣೆಯ ಸರಕಾರದಲ್ಲಿ ಕನ್ನಡನಾಡಿನ ವ್ಯವಹಾರಕ್ಕೆಂದೇ ಒಬ್ಬ ಮಂತ್ರಿಯಿದ್ದ!

ಹಾಗಾದರೆ ಇವರು ಕನ್ನಡಿಗರೇ? ಶಿಲಾಹಾರ ಶಾಸನಗಳನ್ನೆಲ್ಲ ಸಂಪಾದಿಸಿದ ಮಹಾಮಹೋಪಾಧ್ಯಾಯ ವಾ. ವಿ. ಮಿರಾಶಿಯವರು ಈ ಬಿರುದುಗಳ ಆಧಾರದಿಂದ ಮನೆತನದ ಮೂಲ ಕನ್ನಡ ಪ್ರದೇಶವೆಂದು ಅಭಿಪ್ರಾಯಪಟ್ಟಿದ್ದಾರೆ. ಮರಾಠಿ ನಾಡಿನ ವಿದ್ವಾಂಸರೊಬ್ಬರ ಈ ಮಾತಿಗೆ ತೂಕವಿದೆ. ಆದರೂ ಬಿರುದು ಒಂದೇ ಸಾಕ್ಷಿಯಾಗಲಾರದು. ಗೃಹಸಾಲದ ಕಡತ ನೋಡುವ ನಮ್ಮಂಥ ಬ್ಯಾಂಕ್ ನೌಕರರು ಒಂದೇ ಕಾಗದವನ್ನು ನಂಬಿ ಸ್ವತ್ತಿನ ಹಕ್ಕನ್ನು ಒಪ್ಪುವುದಿಲ್ಲ. ಹಿಂದಿನ ಕೊಂಡಿಗಳನ್ನೆಲ್ಲ ಕೇಳುತ್ತೇವೆ. ರಾಷ್ಟ್ರಕೂಟರ ಆಸ್ಥಾನದ ರೂಢಿಯನ್ನು ಸಾಮಂತರು ಅನುಸರಿಸಿರಲೂಬಹುದು. ಅವರು ಹೆಮ್ಮೆಯಿಂದ ಹೇಳಿಕೊಳ್ಳುವ ತಗರಪುರವೂ ಧಾರಾಶಿವ ಜಿಲ್ಲೆಯ ಇಂದಿನ ತೇರ್. ಅದು ಈಗ ಮರಾಠಿ ಪ್ರದೇಶ. ಆದ್ದರಿಂದ 'ಥಾಣೆ ನಮ್ಮದಾಗಿತ್ತು' ಎಂದು ವೇದಿಕೆಯ ಮೇಲೆ ಘೋಷಿಸುವುದಕ್ಕಿಂತ, ಅಂದಿನ ಈ ನೆಲದಲ್ಲಿ ಕನ್ನಡವು ಅರಮನೆಯ ಗೌರವದ ಭಾಷೆಗಳಲ್ಲಿ ಒಂದಾಗಿತ್ತು ಎನ್ನುವುದು ಸತ್ಯಕ್ಕೆ ಹತ್ತಿರ. ಆ ಕಾಲದಲ್ಲಿ ಭಾಷೆಗಳಿಗೆ ಗಡಿಕಲ್ಲುಗಳಿರಲಿಲ್ಲ. ಮರಾಠಿಯ ಅತ್ಯಂತ ಹಳೆಯ ಸಾಲುಗಳಲ್ಲಿ ಕೆಲವು ನಮ್ಮ ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ ಇವೆಯಷ್ಟೆ!

ಎರಡನೆಯ ವಜ್ಜಡನ ಅನಂತರ ಅವನ ಸೋದರ ಅರಿಕೇಸರಿ ಪಟ್ಟವೇರಿದ. ಅವನ 1017ರ ತಾಮ್ರಪಟವು 1787ರಲ್ಲಿ ಥಾಣೆಯ ಕೋಟೆಯಲ್ಲಿ ಅಡಿಪಾಯ ತೋಡುವಾಗ ದೊರೆಯಿತು. ಪಂಪನ ಆಶ್ರಯದಾತನೂ ಅರಿಕೇಸರಿಯೇ. ಆದರೆ ಆತ ವೇಮುಲವಾಡದ ಚಾಲುಕ್ಯ, ಬೇರೊಬ್ಬ. ಮುಂದೆ ವಜ್ಜಡನ ಮೂವರು ಮಕ್ಕಳು, ಛಿತ್ತರಾಜ, ನಾಗಾರ್ಜುನ, ಮುಮ್ಮುಣಿ, ಒಬ್ಬರ ಅನಂತರ ಒಬ್ಬರು ಆಳಿದರು. 'ಉದಯಸುಂದರೀಕಥಾ' ಬರೆದ ಸೋಡ್ಢಲ ಕವಿ ಈ ಮೂವರ ಆಸ್ಥಾನವನ್ನೂ ಕಂಡವನು. ಮುಮ್ಮುಣಿಯ ಹೆಸರಿರುವ ಕ್ರಿ.ಶ. 1060ರ ಶಾಸನ ಅಂಬರ್‌ನಾಥದ ಶಿವಾಲಯದಲ್ಲಿದೆ. ಕಲ್ಯಾಣದಿಂದ ಕರ್ಜತ್ ಕಡೆಗೆ ಕೆಲವೇ ನಿಲ್ದಾಣಗಳಾಚೆ, ವಾಲ್ಧುನಿ ನದಿಯ ದಡದಲ್ಲಿರುವ ಈ ದೇಗುಲದ ಶಿಲ್ಪಗಳನ್ನು ನೋಡದ ಡೊಂಬಿವಲಿಗರಿದ್ದರೆ ಒಂದು ಭಾನುವಾರವನ್ನು ಅದಕ್ಕಾಗಿ ಮೀಸಲಿಡಬೇಕು.

ಮುಮ್ಮುಣಿಯ ಬಳಿಕ ದಾಯಾದಿಗಳ ಕಲಹದಿಂದ ರಾಜ್ಯ ತತ್ತರಿಸಿತು. ನಾಗಾರ್ಜುನನ ಮಗ ಅನಂತದೇವ ಆ ಸಂಕಟವನ್ನು ನಿವಾರಿಸಿದನೆಂದು ಅವನ 1094ರ ಖಾರೇಪಾಟಣ ಶಾಸನ ಹೇಳುತ್ತದೆ. ಹನ್ನೆರಡನೆಯ ಶತಮಾನದ ಅಪರಾದಿತ್ಯನ ಹೆಸರಿನಲ್ಲಿ ಯಾಜ್ಞವಲ್ಕ್ಯ ಸ್ಮೃತಿಯ ಪ್ರಸಿದ್ಧ ವ್ಯಾಖ್ಯಾನ 'ಅಪರಾರ್ಕ' ಇದೆ. ಅದೇ ಸ್ಮೃತಿಗೆ ವಿಜ್ಞಾನೇಶ್ವರನು 'ಮಿತಾಕ್ಷರಾ' ಬರೆದದ್ದು ಕಲ್ಯಾಣದಲ್ಲಿ. ನಮ್ಮ ರೈಲು ಜಂಕ್ಷನ್ ಕಲ್ಯಾಣವಲ್ಲ, ಬಸವಕಲ್ಯಾಣ. ಮಲ್ಲಿಕಾರ್ಜುನನೆಂಬ ಅರಸ 'ರಾಜಪಿತಾಮಹ' ಎಂದು ಕರೆಸಿಕೊಂಡದ್ದನ್ನು ಸಹಿಸದೆ ಗುಜರಾತಿನ ಕುಮಾರಪಾಲನು ಸೇನಾನಿ ಅಂಬಡನನ್ನು ಕಳುಹಿಸಿ ಅವನನ್ನು ಕೊಲ್ಲಿಸಿದನೆಂದು 'ಪ್ರಬಂಧಚಿಂತಾಮಣಿ' ಹೇಳುತ್ತದೆ. ಬಿರುದು ಪ್ರಾಣಕ್ಕೇ ಎರವಾದದ್ದು ಹೀಗೆ.

ವಂಶದ ಕೊನೆಯ ಅರಸ ಸೋಮೇಶ್ವರ. ದೇವಗಿರಿಯ ಯಾದವ ಮಹಾದೇವನು 1265ರ ಸುಮಾರಿಗೆ ಗಜಸೈನ್ಯದೊಂದಿಗೆ ಕೊಂಕಣದ ಮೇಲೆ ದಂಡೆತ್ತಿ ಬಂದಾಗ ಸೋಮೇಶ್ವರ ಹಡಗುಗಳನ್ನೇರಿ ಸಮುದ್ರದಲ್ಲಿ ಕಾದಾಡಿದ, ಅಲ್ಲಿಯೇ ಮುಳುಗಿದ. ಮಹಾದೇವನ ಕೋಪಾಗ್ನಿಗಿಂತ ಸಮುದ್ರದೊಳಗಿನ ಬಡಬಾಗ್ನಿಯೇ ಮೇಲೆಂದು ಅವನು ಬಗೆದನೆಂದು ಯಾದವರ ಮಂತ್ರಿ ಹೇಮಾದ್ರಿ ಕೊಂಕು ನುಡಿದಿದ್ದಾನೆ. ಗೆದ್ದವರ ಆಸ್ಥಾನದ ವರ್ಣನೆಯದು. ಸೋತವನ ಪಕ್ಷದಿಂದ ಬರೆಯಲು ಯಾರೂ ಉಳಿದಿರಲಿಲ್ಲ. ಬೊರಿವಲಿಯ ಏಕ್ಸರ್‌ನಲ್ಲಿ ಸಾಲಾಗಿ ನಿಂತಿರುವ ವೀರಗಲ್ಲುಗಳ ಮೇಲೆ ಹುಟ್ಟುಗಳು ಸಾಲುಗಟ್ಟಿದ ಯುದ್ಧನೌಕೆಗಳೂ ಆನೆಗಳೂ ಕೆತ್ತಲ್ಪಟ್ಟಿವೆ. ಅವು ಇದೇ ಕೊನೆಯ ಕದನದ ನೆನಪೆಂದು ಕೆಲವು ವಿದ್ವಾಂಸರು ಭಾವಿಸುತ್ತಾರೆ. ನಮ್ಮ ನೆರೆಹೊರೆಯ ಮರಾಠಿಗರಲ್ಲಿ ಇಂದಿಗೂ ಸಾಮಾನ್ಯವಾಗಿರುವ 'ಶೇಲಾರ್' ಎಂಬ ಉಪನಾಮವೂ ಶಿಲಾಹಾರದಿಂದಲೇ ಬಂದಿತೆಂದು ಹೇಳಲಾಗುತ್ತದೆ.