ನಗುಮುಖವೊಂದೇ ಸಾಲದು

ಸದಾ ನಗುನಗುತ್ತಾ ಇರುವವರಿಗೆ ಆಯುಸ್ಸು ಹೆಚ್ಚು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಚಿಂತೆಗೂ ಚಿತೆಗೂ ಒಂದು ಸೊನ್ನೆಯಷ್ಟೇ ಅಂತರವೆಂದು ಹಿರಿಯರು ಹೇಳುವುದುಂಟು. ಆದರೆ ಅಮೆರಿಕದಲ್ಲಿ ನಡೆದ ದೀರ್ಘ ಅಧ್ಯಯನವೊಂದು ಈ ನಂಬಿಕೆಯನ್ನು ತುಸು ಅಲುಗಾಡಿಸಿದೆ.

ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಲೂಯಿಸ್ ಟರ್ಮನ್ 1921ರಲ್ಲಿ ಈ ಅಧ್ಯಯನ ಆರಂಭಿಸಿದರು. ಕ್ಯಾಲಿಫೋರ್ನಿಯಾದ ಸುಮಾರು 1,500 ಮಂದಿ ಬುದ್ಧಿವಂತ ಮಕ್ಕಳನ್ನು ಆರಿಸಿ, ಅವರ ಸ್ವಭಾವ ಎಂಥದೆಂದು ಹೆತ್ತವರಿಂದಲೂ ಅಧ್ಯಾಪಕರಿಂದಲೂ ಕೇಳಿ ಬರೆದಿಟ್ಟರು. 1956ರಲ್ಲಿ ಟರ್ಮನ್ ತೀರಿಕೊಂಡರೂ ಕೆಲಸ ನಿಲ್ಲಲಿಲ್ಲ. ಆ ಮಕ್ಕಳು ಮುದುಕರಾಗಿ, ಅನೇಕರು ಗತಿಸಿದ ಬಳಿಕ, ಹೊವಾರ್ಡ್ ಫ್ರೀಡ್‌ಮನ್ ಮತ್ತು ಸಂಗಡಿಗರು ಮರಣಪತ್ರಗಳನ್ನು ಕಲೆಹಾಕಿ ಹಳೆಯ ದಾಖಲೆಯೊಂದಿಗೆ ತಾಳೆ ನೋಡಿದರು. 1993ರಲ್ಲಿ ಫಲಿತಾಂಶ ಪ್ರಕಟವಾಯಿತು. ಬಾಲ್ಯದಲ್ಲೇ ಜಾಗರೂಕರು, ಹೊಣೆಯರಿತವರು ಎನಿಸಿಕೊಂಡವರು ಹೆಚ್ಚು ಕಾಲ ಬದುಕಿದ್ದರು. ಲವಲವಿಕೆಯ, ತಮಾಷೆಯ ಮಕ್ಕಳು ಸರಾಸರಿಯಲ್ಲಿ ತುಸು ಬೇಗನೆ ತೀರಿಕೊಂಡಿದ್ದರು!

ಹಿಂದಿನ ಬೆಂಚಿನ ತಮಾಷೆಗಾರನನ್ನು ಒಳಗೊಳಗೇ ಮೆಚ್ಚುವ ನಮ್ಮಂಥ ಅಧ್ಯಾಪಕರಿಗೆ ಇದು ರುಚಿಸುವ ಮಾತಲ್ಲ. ಅಂಥ ಮಕ್ಕಳು ದೊಡ್ಡವರಾದಾಗ ಧೂಮಪಾನ, ಮದ್ಯಪಾನಗಳತ್ತ ಹೆಚ್ಚು ವಾಲಿದ್ದರು, ಅಪಾಯಕ್ಕೂ ಅಂಜುತ್ತಿರಲಿಲ್ಲ. ಕಾರಣ ಇಷ್ಟೇ ಎನ್ನುವಂತಿಲ್ಲ. ಆ ಊರಿನ ಅನುಕೂಲಸ್ಥ ಮಕ್ಕಳ ಲೆಕ್ಕವನ್ನು ನಮಗೆ ಹಾಗೆಯೇ ಅನ್ವಯಿಸುವುದೂ ಸರಿಯಲ್ಲ.

ಆದರೂ "ಎಂತದೂ ಆಗುವುದಿಲ್ಲ ಮಾರಾಯ್ರೇ" ಎನ್ನುವವರು ನಮ್ಮ ಊರಲ್ಲಿ ಕಡಮೆಯೇ? ರಕ್ತದೊತ್ತಡ ಹೆಚ್ಚಿದವರಲ್ಲಿ ಹಲವರಿಗೆ ಯಾವ ತೊಂದರೆಯೂ ತೋರುವುದಿಲ್ಲ. ತೊಂದರೆ ಇಲ್ಲವೆಂದು ಮಾತ್ರೆ ನಿಲ್ಲಿಸುವವರು ಬಹುಮಟ್ಟಿಗೆ ಇಂಥ ಹಸನ್ಮುಖಿಗಳೇ. ಮುಂದೊಂದು ದಿನ ಪಕ್ಷವಾತ ಬಡಿದಾಗ ಮನೆಯವರು ಮಂಗಳೂರಿಗೆ ಕಾರು ಹುಡುಕಬೇಕಾಗುತ್ತದೆ. ಇನ್ನು ಪುಕ್ಕಲು ಸ್ವಭಾವದವರು. ರೋಗ ಇದೆಯೆಂದು ತಿಳಿದುಬಿಟ್ಟರೆ ಎಂದು ಅವರು ಪರೀಕ್ಷೆಯನ್ನೇ ಮುಂದೂಡುತ್ತಾರೆ.

ಸಂಕೋಚದವರ ಪಾಡು ಬೇರೆ. ಡಾಕ್ಟರರು ಹೇಳಿದ್ದಕ್ಕೆಲ್ಲ ತಲೆಯಾಡಿಸಿ, ಅರ್ಧ ಮಾತ್ರವೇ ತಿಳಿದುಕೊಂಡು ಹೊರಗೆ ಬರುತ್ತಾರೆ. ಮಲಯಾಳ ಸರಾಗವಾಗಿ ಬಾರದ ಅಜ್ಜಿಯಂದಿರಲ್ಲಂತೂ ಈ ಸಂಕೋಚ ಇಮ್ಮಡಿ.

ಹುಟ್ಟುಗುಣವನ್ನು ತಿದ್ದುವುದು ಕಷ್ಟವಿರಬಹುದು, ಅದಕ್ಕೊಂದು ಊರುಗೋಲು ಕೊಡುವುದು ಕಷ್ಟವಲ್ಲ. ಮರೆಗುಳಿ ಹಸನ್ಮುಖಿಯ ಮಾತ್ರೆಯ ಡಬ್ಬಿ ಬೆಳಗಿನ ಕಾಫಿ ಲೋಟದ ಪಕ್ಕದಲ್ಲೇ ಇರಲಿ. ಪುಕ್ಕಲರಿಗೆ ಪರೀಕ್ಷೆಯ ದಿನ ಮನೆಯವರೊಬ್ಬರು ಜತೆಯಾಗಲಿ. ಅಜ್ಜಿಯೊಡನೆ ಮಲಯಾಳ ಬಲ್ಲ ಹೈಸ್ಕೂಲು ಮೊಮ್ಮಗಳು ಹೋದರೆ, ಯಾವ ಮಾತ್ರೆ ಎಷ್ಟು ಹೊತ್ತಿಗೆ, ಊಟಕ್ಕೆ ಮೊದಲೋ ಬಳಿಕವೋ ಎಂಬುದನ್ನು ಅಲ್ಲಿಯೇ ಕೇಳಿ, ಕನ್ನಡದಲ್ಲಿ ಚೀಟಿ ಬರೆದು ತರುತ್ತಾಳೆ.