ಸ್ಟೇಡಿಯಂ ಗೇಟಲ್ಲಿ ಪಾಸ್ ಬದಲು ಮುಖ: ಅಂಗಡಿಯವರೂ ತಿಳಿದಿರಬೇಕಾದ ವಿಷಯ
ಕುಂದಾಪುರ: ದೊಡ್ಡ ಮ್ಯಾಚ್ ಇದ್ದ ದಿನ ಕ್ಯಾಟರಿಂಗ್, ಕ್ಲೀನಿಂಗ್, ಲೈಟಿಂಗ್, ಸೆಕ್ಯುರಿಟಿ ಎಂದು ನೂರಾರು ಮಂದಿ ಹಿಂದಿನ ಗೇಟಿನಿಂದ ಸ್ಟೇಡಿಯಂ ಒಳಗೆ ಹೋಗ್ತಾರೆ. ಒಬ್ಬನ ಪಾಸ್ ಇನ್ನೊಬ್ಬ ಕುತ್ತಿಗೆಗೆ ಹಾಕಿಕೊಂಡು ಬಂದರೆ ಗೇಟಿನವರಿಗೆ ಗೊತ್ತಾಗುವುದು ಕಷ್ಟ. ಇದಕ್ಕಾಗಿಯೇ ಅಮೆರಿಕದ ಎನ್‌ಎಫ್‌ಎಲ್ ಲೀಗ್ 2024ರಲ್ಲಿ ಸಿಬ್ಬಂದಿಗೆ, ಮಾಧ್ಯಮದವರಿಗೆ ಮುಖ ಗುರುತಿಸುವ ವ್ಯವಸ್ಥೆ ತಂದಿತು.

ಮೊದಲು ಒಂದು ಫೋಟೋ ಕೊಟ್ಟು ಹೆಸರು ನೋಂದಾಯಿಸಬೇಕು. ಮಿಷನ್ ಮುಖದ ಅಳತೆಗಳನ್ನು ಅಂಕಿಗಳಾಗಿ ಇಟ್ಟುಕೊಳ್ತದೆ. ಗೇಟಲ್ಲಿ ಕ್ಯಾಮೆರಾ ಎದುರು ನಿಂತಾಗ ಆ ಅಂಕಿ ತಾಳೆಯಾಗಬೇಕು, ಆ ದಿನ ಆ ಗೇಟಿಗೆ ಅನುಮತಿಯೂ ಇರಬೇಕು. ಅಂಗನವಾಡಿಯಲ್ಲಿ ಆಹಾರದ ಪ್ಯಾಕೆಟ್ ಪಡೆಯುವಾಗ ಮೊಬೈಲಿಗೆ ಮುಖ ತೋರಿಸುವುದೂ ಇದೇ ತಂತ್ರ.

ಆದರೆ ಇದು ಜನಜಂಗುಳಿಗೆ ಮದ್ದಲ್ಲ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ ಹೊರಗೆ ಕಾಲ್ತುಳಿತದಲ್ಲಿ 11 ಮಂದಿ ಸತ್ತರು. ಅಲ್ಲಿದ್ದದ್ದು ಅಭಿಮಾನಿಗಳ ನೂಕುನುಗ್ಗಲು. ಸಿಬ್ಬಂದಿ ಗೇಟಿನ ಕ್ಯಾಮೆರಾ ಅದನ್ನು ತಡೆಯುತ್ತಿರಲಿಲ್ಲ.

ಇನ್ನೊಂದು, ಪಾಸ್ ಕಳೆದರೆ ಬೇರೆ ಮಾಡಿಸಬಹುದು. ಮುಖದ ಮಾಹಿತಿ ಸೋರಿದರೆ ಬೇರೆ ಮುಖ ಎಲ್ಲಿಂದ ತರೋದು ಮಾರಾಯ್ರೆ? ಲಾಸ್ ವೇಗಸ್‌ನಲ್ಲಿ ಪೊಲೀಸರ ಸಂಘವೇ ಇದಕ್ಕೆ ತಕರಾರು ತೆಗೆದಿತ್ತು.

ಬೈಂದೂರು, ಬ್ರಹ್ಮಾವರ ಕಡೆಯಿಂದ ಇಂಥ ಕೆಲಸಕ್ಕೆ ಹೋಗುವವರು ಫೋಟೋ ಕೊಡುವ ಮೊದಲು ಅದು ಯಾರ ಹತ್ತಿರ, ಎಷ್ಟು ದಿನ ಇರ್ತದೆ ಎಂದು ಕೇಳಬೇಕು. ಅಂಗಡಿಯಲ್ಲಿ ಹಾಜರಿಗೆ ಫೇಸ್ ಮಿಷನ್ ಇಡುವ ಮಾಲೀಕರಿಗೂ ಇದು ಅನ್ವಯ. 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ ಮಾಹಿತಿ ಸರಿಯಾಗಿ ಕಾಯದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ. ಕೆಲಸ ಬಿಟ್ಟು ಹೋದ ಹುಡುಗನ ಮುಖ ಮಿಷನಲ್ಲೇ ಉಳಿದಿದೆಯಾ ಎಂದು ಒಮ್ಮೆ ನೋಡಿ.